ಗೆರೆ ಒರೆಸಿದ ಕಾರ್ತಿಕ

ಸೆಗಣಿಯ ವಾಸನೆಗೆ ಯಾರ ಎದೆಯಾದರೂ ಡವಡವ ಹೊಡೆದುಕೊಳ್ಳುತ್ತದೆಯೇ? ನನ್ನದು ಹೊಡೆದುಕೊಳ್ಳುತ್ತದೆ. ಮೊನ್ನೆ ಬಿಂಕದಕಟ್ಟಿಗೆ ತಂಗಿಯ ಮೊಮ್ಮಗಳ ಮದುವೆಗೆ ಹೋಗಿದ್ದೆ. ಹಂದರದ ಕೆಳಗಿನ ಅಂಗಳವನ್ನು ಹಳೆಯ ಪದ್ಧತಿಯಲ್ಲಿ ಸಾರಿಸಿ, ಸುತ್ತಲೂ ಸುಣ್ಣದ ಗೆರೆ ಎಳೆದಿದ್ದರು. ಎರಡೂ ಇನ್ನೂ ಹಸಿಯಾಗಿದ್ದವು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಹಂದರದ ಸಂದಿಯಿಂದ ಆಕಾಶ ನೋಡತೊಡಗಿದೆ.

“ಏನ ನೋಡಾಕತ್ತೀರಿ ಅಜ್ಜಿ?” ಅಂದಳು ಮದುಮಗಳು.

“ಮೋಡ ಐತೇನಂತ. ಅಂಗಳ ಆರಬೇಕಲ್ಲವಾ.”

“ಆರಲಿಲ್ಲಂದ್ರ ಫ್ಯಾನ್ ಹಚ್ಚಿದ್ರಾತು ಬಿಡ್ರಿ,” ಎಂದು ನಕ್ಕಳು.

ಅವತ್ತು ನಮಗೆ ಫ್ಯಾನ್ ಇರಲಿಲ್ಲ. ಕಾರ್ತಿಕ ಮಾಸದ ಮಂಕು ಬಿಸಿಲು, ಮೇಲೆ ಮೋಡ, ಕೆಳಗೆ ಹಸಿ ಅಂಗಳ, ಸಂಜೆಗೆ ಪಂದ್ಯ. ನಾನು ಮೂವತ್ತು ವರ್ಷಕ್ಕೂ ಮೇಲೆ ಕಾಲೇಜಿನ ಹುಡುಗಿಯರಿಗೆ ಬಾಸ್ಕೆಟ್‌ಬಾಲ್ ಕಲಿಸಿದವಳು. ಗದಗ-ಬೆಟಗೇರಿಯ ಹಳಬರು ಈಗಲೂ ನನ್ನನ್ನು ‘ಬುಟ್ಟಿ ಬಾಯಾರು’ ಎಂದೇ ಗುರುತಿಸುತ್ತಾರೆ. ಆ ಮೂವತ್ತು ವರ್ಷ ನನಗೆ ದಕ್ಕುತ್ತದೋ ಇಲ್ಲವೋ ಎಂಬುದು ಆ ಒಂದು ದಿನ ತೀರ್ಮಾನವಾಗಬೇಕಿತ್ತು. ನಮ್ಮ ಕನ್ನಡ ನಾಡು ಒಂದಾದ ವರ್ಷ ಅದು.

ನಾನು ಶಿರಹಟ್ಟಿಯವಳು. ನಾನು ಹುಟ್ಟಿದಾಗ ನಮ್ಮೂರು ಒಬ್ಬ ಸಂಸ್ಥಾನಿಕರ ಕೈಯಲ್ಲಿತ್ತು, ಹತ್ತಿರದ ಲಕ್ಷ್ಮೇಶ್ವರ ಇನ್ನೊಬ್ಬರ ಕೈಯಲ್ಲಿ, ಗದಗು ಮುಂಬಯಿ ಸರಕಾರದಲ್ಲಿ. ಮುಂಡರಗಿ ದಾಟಿ ಮೂಡಲಿಗೆ ಹೋದರೆ ನಿಜಾಮರ ಸೀಮೆ. ಒಂದು ಎತ್ತಿನ ಗಾಡಿ ಬೆಳಿಗ್ಗೆ ಹೊರಟು ಸಂಜೆಯೊಳಗೆ ಮೂರು ಸರಕಾರ ನೋಡಿ ಬರಬಹುದಿತ್ತು. ನನ್ನ ತಂದೆ ಶಿರಹಟ್ಟಿಯ ಶಾಲೆಯಲ್ಲಿ ಮಾಸ್ತರರು. ಮಗಳು ಗಂಡುಬೀರಿಯಾಗಿ ಬೆಳೆದಳು ಎಂದು ಊರು ಆಡಿಕೊಂಡಾಗ ಅವರು, “ಹಂಗಾದ್ರ ಅದನ್ನ ಕಲಿಯಾಕ ಕಳಸೂಣು,” ಎಂದು ನನ್ನನ್ನು ಪುಣೆಗೆ ವ್ಯಾಯಾಮ ಶಿಕ್ಷಣದ ತರಬೇತಿಗೆ ಕಳಿಸಿದರು. ಕಲಿತು ಬಂದ ಮೇಲೆ ಗದಗಿನ ಒಂದು ಹೊಸ ಕಾಲೇಜಿನ ಹೆಣ್ಣುಮಕ್ಕಳ ವಿಭಾಗದಲ್ಲಿ ಕೆಲಸ ಸಿಕ್ಕಿತು. ಕಾಯಂ ಅಲ್ಲ. ವರ್ಷ ವರ್ಷ ಮುಂದುವರಿಸುತ್ತ ಹೋಗುವಂಥದ್ದು.

ಪುಣೆಯಲ್ಲಿ ನನಗೆ ಹೇಳಿಕೊಟ್ಟ ಆಟ ಇವತ್ತಿನ ಬಾಸ್ಕೆಟ್‌ಬಾಲ್ ಅಲ್ಲ. ಅದು ‘ಹೆಂಗಸರ ಕಾಯಿದೆ’ಯ ಆಟ. ಅಂಕಣಕ್ಕೆ ಅಡ್ಡಲಾಗಿ ಎರಡು ಗೆರೆ ಎಳೆದು ಮೂರು ಪಾಲು ಮಾಡುವುದು. ಒಂದು ತಂಡಕ್ಕೆ ಆರು ಮಂದಿ, ಒಂದೊಂದು ಪಾಲಿಗೆ ಇಬ್ಬರು. ಹಿಂದಿನ ಇಬ್ಬರು ತಮ್ಮ ಬುಟ್ಟಿ ಕಾಯಬೇಕು, ನಡುವಿನವರು ಚೆಂಡು ದಾಟಿಸಬೇಕು, ಮುಂದಿನವರು ಮಾತ್ರ ಬುಟ್ಟಿಗೆ ಹಾಕಬೇಕು. ಯಾರೂ ತಮ್ಮ ಗೆರೆ ದಾಟುವ ಹಾಗಿಲ್ಲ. ದಾಟಿದರೆ ತಪ್ಪು, ಚೆಂಡು ಎದುರಾಳಿಗೆ. ಹುಡುಗಿಯರು ಬಹಳ ಓಡಿದರೆ ದಣಿಯುತ್ತಾರೆ ಎಂದು ಯಾರೋ ಮಾಡಿಟ್ಟ ಕಾಯಿದೆ. ಹೊಲದಲ್ಲಿ ಹೊತ್ತು ಮುಳುಗುವವರೆಗೆ ಕಳೆ ತೆಗೆಯುವ ನಮ್ಮ ಹೆಣ್ಣುಮಕ್ಕಳನ್ನು ಅವರು ನೋಡಿರಲಿಕ್ಕಿಲ್ಲ. ಆದರೆ ಆ ಕಾಯಿದೆಯ ದೆಸೆಯಿಂದಲೇ ಗದಗಿನಲ್ಲಿ ಆ ಆಟಕ್ಕೆ ಒಪ್ಪಿಗೆ ಸಿಕ್ಕಿತ್ತು. ಸೀರೆಗೆ ಕಚ್ಚೆ ಹಾಕಿ, ತಂತಮ್ಮ ಪಾಲಿನಲ್ಲಿ ನಿಂತು ಆಡುವ ಆಟ ಹಿರಿಯರಿಗೆ ಮರ್ಯಾದೆಯದಾಗಿ ಕಂಡಿತ್ತು.

ನಮ್ಮ ಅಂಕಣವೂ ಬೇರೆ ಬಗೆಯದು. ಕರಿಮಣ್ಣು ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಗೆ ಕಾಲು ಹಿಡಿಯುತ್ತದೆ. ಅದರ ಮೇಲೆ ಚೆಂಡು ಪುಟಿಯುವುದಿಲ್ಲ. ಅದಕ್ಕೆ ಗಟ್ಟಿ ಜಲ್ಲಿಮಣ್ಣಿನ ಗರಸು ಹಾಕಿ ಬಡಿದು, ರಾಶಿ ಮಾಡುವ ಕಣದಂತೆ ಸೆಗಣಿಯಿಂದ ಸಾರಿಸುತ್ತಿದ್ದೆವು. ಆ ಕೆಲಸ ಕಾಲೇಜಿನ ಕಸ ಹೊಡೆಯುವ ಯಲ್ಲವ್ವನದು. ವಾರಕ್ಕೊಮ್ಮೆ ಸಾರಿಸಿ, ಆರಿದ ಮೇಲೆ ಸುಣ್ಣಕ್ಕೆ ಗೋಂದು ಬೆರೆಸಿ ಗೆರೆ ಎಳೆಯುತ್ತಿದ್ದಳು. ದಾರ ಹಿಡಿಯುತ್ತಿರಲಿಲ್ಲ, ಕಣ್ಣಳತೆಯಲ್ಲೇ ಎಳೆಯುತ್ತಿದ್ದಳು. ಗೆರೆ ಚೆನ್ನಾಗಿ ಬಂದ ದಿನ ನನ್ನನ್ನು ಕರೆದು ತೋರಿಸುತ್ತಿದ್ದಳು.

ಕಾಲೇಜಿನ ಆಡಳಿತ ಮಂಡಳಿಯ ಅಧ್ಯಕ್ಷರು ಬಸಲಿಂಗಪ್ಪ ಸಾವಕಾರರು. ಅರಳೆ ವ್ಯಾಪಾರಸ್ಥರು, ಖಾದಿ ಧೋತರ, ಖಾದಿ ಟೊಪ್ಪಿಗೆ. ಏಕೀಕರಣದ ಚಳವಳಿಯಲ್ಲಿ ಜೈಲಿಗೂ ಹೋಗಿ ಬಂದಿದ್ದರು. ಒಳ್ಳೆಯವರು, ಆದರೆ ನನ್ನ ಆಟ ಅವರ ಕಣ್ಣಿಗೆ ಬಿದ್ದ ಕಸದಂತಿತ್ತು. ದಸರೆಯ ಹೊತ್ತಿಗೆ ನನ್ನನ್ನು ಕರೆಸಿದರು.

“ಬಾಯಾರ, ಹುಡುಗ್ಯಾರು ಜಿಗದಾಡೂದು ನೋಡಾಕ ಪ್ಯಾಟಿ ಮಂದಿ ಕಂಪೌಂಡ್ ಗ್ವಾಡಿ ಹತ್ತಾಕತ್ತಾರ. ಮಂಡಳಿಯೊಳಗ ಮಾತ ಬಂದೈತಿ. ಇದರ ಬದಲಿ ಹೊಲಿಗಿ ಕ್ಲಾಸು ಚಾಲೂ ಮಾಡೂಣು ಅಂತಾರ. ಮಶಿನ್ ಕೊಡಾಕ ಒಬ್ರು ತಯಾರ ಅದಾರ.”

“ನಾ ಏನ ಮಾಡ್ಲಿರಿ ಮತ್ತ?”

“ನೀವ ಕಲಸ್ರಿ ಹೊಲಿಗಿ.”

ನನಗೆ ಸೂಜಿಗೆ ದಾರ ಪೋಣಿಸಲೂ ಬರುತ್ತಿರಲಿಲ್ಲ. ಈಗಲೂ ಬರುವುದಿಲ್ಲ. ಸಿಟ್ಟು ನೆತ್ತಿಗೇರಿತು, ಆದರೆ ಕೆಲಸ ಕಾಯಂ ಇಲ್ಲದವಳ ಸಿಟ್ಟಿಗೆ ಬೆಲೆ ಎಷ್ಟು? ಸಾವಕಾರರೇ ತುಸು ಮೆತ್ತಗಾದರು.

“ನೋಡ್ರಿ, ಹೊಸ ರಾಜ್ಯ ಆಗೂ ಖುಷಿಗೆ ಬೆಂಗಳೂರ ಕಡೆ ಒಂದ ಕಾಲೇಜಿನ ಹೆಣ್ಮಕ್ಕಳನ್ನ ಆಡಾಕ ಕರಿಸೀನಿ. ಕಾರ್ತಿಕದ ಗೌರಿ ಹುಣ್ಣಿಮಿ ಆದ ಮ್ಯಾಲೆ ಬರ್ತಾರ. ಊರ ಮುಂದ ನಮ್ಮ ಹುಡುಗ್ಯಾರು ಮಾನದಿಂದ ಆಡಿದ್ರು, ಆಟ ಇರತೈತಿ. ನಗೆಪಾಟಲಾತು ಅಂದ್ರ, ಬರೋ ಜೂನ್‌ದಿಂದ ಹೊಲಿಗಿ.”

ನನಗೆ ಅಷ್ಟೇ ಸಾಕಾಗಿತ್ತು. ನನ್ನ ಹುಡುಗಿಯರ ಮೇಲೆ ನನಗೆ ನಂಬಿಕೆ ಇತ್ತು. ಬುಟ್ಟಿಗೆ ಹಾಕುವುದರಲ್ಲಿ ಲಕ್ಷ್ಮೇಶ್ವರದ ಶಾಂತಾ ಎತ್ತಿದ ಕೈ. ಹಿಂದೆ ಬುಟ್ಟಿ ಕಾಯುವವಳು ನೀಲವ್ವ. ಮುಂಡರಗಿ ತಾಲೂಕಿನ ಹಮ್ಮಿಗಿಯ ಹುಡುಗಿ, ಹೊಳೆ ದಂಡೆಯ ಒಕ್ಕಲಿಗರ ಮಗಳು, ಉದ್ದನೆಯ ಕೈ. ಎದುರಿನವಳ ಕೈಯಿಂದ ಚೆಂಡನ್ನು ಹೇಗೆ ಕಸಿದುಕೊಂಡಳೆಂದು ಎದುರಿನವಳಿಗೇ ತಿಳಿಯುತ್ತಿರಲಿಲ್ಲ. ಕಸಿದು ಗೆರೆಯವರೆಗೆ ಬಂದು ನಡುವಿನವರಿಗೆ ಎಸೆಯುವಳು. ಎರಡು ವರ್ಷದಲ್ಲಿ ಒಮ್ಮೆಯೂ ಅವಳ ಕಾಲು ಗೆರೆ ಮುಟ್ಟಿದ್ದಿಲ್ಲ. ಅದನ್ನು ನಾನೇ ಎಲ್ಲರಿಗೂ ಮೆಚ್ಚಿ ಹೇಳುತ್ತಿದ್ದೆ.

ರಾಜ್ಯ ಉದಯವಾದ ದಿನ ಗದಗಿನಲ್ಲಿ ಮೆರವಣಿಗೆ, ಬಾಜಾ ಬಜಂತ್ರಿ, ಹಿಂದೆಯೇ ದೀಪಾವಳಿ. ಸಾವಕಾರರು ಕಟ್ಟೆಯ ಮೇಲೆ ನಿಂತು, “ನಕಾಶೆ ಮ್ಯಾಲಿನ ಗೆರಿ ಅಳಿಸಿಬಿಟ್ಟೇವಿ!” ಎಂದು ಗಂಟಲು ಹರಿಯುವಂತೆ ಕೂಗಿದ್ದು ನನಗೆ ನೆನಪಿದೆ. ನೀಲವ್ವನಿಗೆ ಮಾತ್ರ ಅದರಲ್ಲಿ ಅಂಥ ಸೋಜಿಗವೇನೂ ಇರಲಿಲ್ಲ. “ನಮ್ಮ ಅವ್ವನ ತವರಮನಿ ಹೊಳಿ ಆಚಿ ದಂಡಿ ಐತ್ರಿ. ಅವರು ಮೂರ ವರ್ಷ ಮೊದಲ ಮೈಸೂರ ರಾಜ್ಯಕ್ಕ ಸೇರ್ಯಾರ. ನಮ್ಮಜ್ಜಿ ಪ್ರತಿ ಸಲ ಕೇಳ್ತಿದ್ಲು, ನೀವು ಯಾವಾಗ ಬರ್ತೀರಿ ಅಂತ,” ಅಂದಳು.

ಮೆರವಣಿಗೆಯ ಗುಲಾಲು ಇನ್ನೂ ಕೂದಲಿನಿಂದ ಹೋಗಿರಲಿಲ್ಲ, ಧಾರವಾಡದಿಂದ ದೇಸಾಯಿ ಮಾಸ್ತರರು ಅಂಕಣ ನೋಡಲು ಬಂದರು. ಪಂದ್ಯಕ್ಕೆ ಅವರೇ ರೆಫ್ರಿ. ಅಂಗಳದ ಅಂಚಿನಲ್ಲಿ ನಿಂತು ಅಡ್ಡಗೆರೆಗಳನ್ನು ನೋಡಿದರು, ನನ್ನ ಮುಖ ನೋಡಿದರು.

“ಬಾಯಾರ, ಇವು ಯಾಕ?”

“ಹೆಂಗಸರ ಕಾಯಿದೆ ಅಲ್ರಿ?”

“ಅಯ್ಯ, ಅವರು ಐದ ಮಂದಿ ಆಡ್ತಾರ್ರಿ. ಗಂಡಸರ ಕಾಯಿದೆ. ಎಲ್ಲಾರೂ ಅಂಕಣ ತುಂಬ ಓಡ್ತಾರ, ಎಲ್ಲಾರೂ ಬುಟ್ಟಿಗೆ ಹಾಕ್ತಾರ. ಈ ಗೆರಿ ಅವರಿಗೆ ಗೊತ್ತ ಇಲ್ಲ. ಪಂದ್ಯ ಹಂಗ ಆಗೂದು.”

ಉಳಿದದ್ದು ಮೂರು ವಾರವೂ ಇಲ್ಲ. ಎರಡು ವರ್ಷ ಹಗಲೂ ಸಂಜೆ ಕಲಿಸಿದ್ದನ್ನು ಮರೆಸಬೇಕು, ನನಗೇ ಸರಿಯಾಗಿ ಗೊತ್ತಿಲ್ಲದ್ದನ್ನು ಕಲಿಸಬೇಕು. ಸಾವಕಾರರಿಗೆ ಹೇಳದೆ ಮಾಡುವಂತೆಯೂ ಇರಲಿಲ್ಲ. ಗೆರೆಯೊಳಗಿನ ಆಟವೆಂದೇ ಅವರು ಒಪ್ಪಿದ್ದು. ಅವರ ಅರಳೆ ಅಂಗಡಿಗೇ ಹೋದೆ. ಮಾತು ಮುಗಿಯುವ ಮೊದಲೇ ಹುಬ್ಬು ಗಂಟಿಕ್ಕಿದರು.

“ಎಲ್ಲಾರೂ ಎಲ್ಲಾ ಕಡೆ ಓಡೂದಂದ್ರ? ಅದು ಹೆಣ್ಮಕ್ಕಳ ಆಟ ಹೆಂಗ ಆತು? ಬ್ಯಾಡ, ಬ್ಯಾಡ.”

ನನ್ನ ನಾಲಿಗೆ ಅಲ್ಲಿ ನನ್ನ ಮಾತು ಕೇಳಲಿಲ್ಲ. “ಸಾವಕಾರ್ರ, ನಕಾಶೆ ಮ್ಯಾಲಿನ ಗೆರಿ ಅಳಸಾಕ ನೀವು ಜೈಲಿಗೆ ಹೋಗಿ ಬಂದೀರಿ. ನಾನು ಅಂಗಳದಾಗಿನ ಎರಡ ಗೆರಿ ಅಳಸಾಕ ಪರವಾನಗಿ ಕೇಳಾಕ ಬಂದೀನಿ.”

ಅಂಗಡಿಯಲ್ಲಿದ್ದವರೆಲ್ಲ ಕೆಲಸ ಬಿಟ್ಟು ನಮ್ಮತ್ತ ನೋಡಿದರು. ಸಾವಕಾರರ ಮುಖ ಕೆಂಪಾಯಿತು. ನಾನು ಕೆಲಸ ಹೋಯಿತೆಂದೇ ಲೆಕ್ಕ ಹಾಕಿದೆ.

“ಅಳಸ್ರಿ,” ಅಂದರು ಕೊನೆಗೆ. “ಆದ್ರ ನೆನಪಿಡ್ರಿ, ಮಶಿನ್ ಕೊಡೋರು ದಿನಾ ಕೇಳಾಕತ್ತಾರ.”

ಯಲ್ಲವ್ವ ಅಂಕಣ ಪೂರ್ತಿ ಸಾರಿಸಿ ನಡುವಿನ ಗೆರೆ ಮುಚ್ಚಿದಳು, ಮತ್ತೆ ಹಾಕಬೇಡ ಎಂದು ಹೇಳಿದೆ. ಅಂದಿನಿಂದ ಶುರುವಾಯಿತು ನಮ್ಮ ಗೋಳು. ಗೆರೆ ನೆಲದಿಂದ ಹೋಯಿತು, ಕಾಲಿನಿಂದ ಹೋಗಲಿಲ್ಲ. ಚೆಂಡು ಪುಟಿಸುತ್ತ ಓಡಿ ಬಂದ ಹುಡುಗಿ ಗೆರೆ ಇದ್ದ ಜಾಗಕ್ಕೆ ಬರುತ್ತಲೇ ಗಕ್ಕನೆ ನಿಲ್ಲುವಳು. ಹಿಂದಿನವಳು ಬಂದು ಅವಳ ಬೆನ್ನಿಗೆ ಹಾಯುವಳು. ಇಬ್ಬರೂ ಬೀಳುವರು. ನಾನು ಕೂಗಿ ಕೂಗಿ ಗಂಟಲು ಕೆಡಿಸಿಕೊಂಡೆ. ಗಂಟಲಿಗೆ ಜೀರಿಗೆ ಕಷಾಯ ಕುಡಿಯುತ್ತ ಮತ್ತೆ ಕೂಗಿದೆ. ಕಾಲೇಜಿನ ಅಂಗಳ ಬಿಟ್ಟು ಊರಾಚೆಯ ಬಯಲಿಗೆ ಕರೆದುಕೊಂಡು ಹೋದೆ. ಗೆರೆಯ ಗುರುತೇ ಇಲ್ಲದ ಜಾಗದಲ್ಲಿ, ಹಿಂಗಾರಿ ಜೋಳದ ಹಸಿರು ಪೈರಿನ ಪಕ್ಕ, ಗಂಟೆಗಟ್ಟಲೆ ಬರೀ ಓಡಿಸಿದೆ. ಅಲ್ಲಿ ಎಲ್ಲರೂ ಓಡಿದರು. ಅಂಗಳಕ್ಕೆ ಮರಳಿದರೆ ಮತ್ತೆ ಅದೇ.

ಹತ್ತು ಹನ್ನೆರಡು ದಿನಕ್ಕೆ ಶಾಂತಾ ಮತ್ತು ಉಳಿದವರ ಕಾಲಿನ ಕಟ್ಟು ಬಿಟ್ಟಿತು. ನೀಲವ್ವನದು ಬಿಡಲಿಲ್ಲ. ಎಲ್ಲರಿಗಿಂತ ಚೆನ್ನಾಗಿ ಕಲಿತವಳಿಗೇ ಮರೆಯುವುದು ಕಷ್ಟವಾಗಿತ್ತು.

“ಯಾಕವಾ ನಿಲ್ತೀ?” ಎಂದು ಒಂದು ಸಂಜೆ ಅವಳ ಎರಡೂ ತೋಳು ಹಿಡಿದು ಕೇಳಿದೆ.

“ನಾ ನಿಲ್ಲಸೂದಿಲ್ರಿ ಬಾಯಾರ. ಕಾಲ ತಾವ ನಿಲ್ತಾವು.” ಅವಳ ಕಣ್ಣಲ್ಲಿ ನೀರು ತುಂಬಿತ್ತು. “ನನ್ನ ಬಿಟ್ಟ ಬ್ಯಾರೆದಾಕಿನ್ನ ಹಾಕ್ರಿ. ನನ್ನ ಸಲುವಾಗಿ ನಿಮ್ಮ ನೌಕರಿ ಹೋಗೂದು ಬ್ಯಾಡ.”

ಹುಡುಗಿಯರಿಗೆ ಗೊತ್ತಾಗಿತ್ತು ಎಂದು ನನಗೆ ಆಗಲೇ ಗೊತ್ತಾದದ್ದು. ಅವಳನ್ನು ಬಿಡಲು ಸಾಧ್ಯವೇ ಇರಲಿಲ್ಲ. ಅವಳಿಲ್ಲದಿದ್ದರೆ ಎದುರಿನವರು ಬುಟ್ಟಿಯ ಮೇಲೆ ಬುಟ್ಟಿ ಹಾಕಿ ಮಧ್ಯಂತರದೊಳಗೆ ನಮ್ಮ ಮಾನ ಹರಾಜು ಹಾಕುತ್ತಿದ್ದರು. ಪಂದ್ಯದ ಮುಂಚಿನ ವಾರ ಅವಳು ಮೂರಕ್ಕೊಮ್ಮೆ, ನಾಲ್ಕಕ್ಕೊಮ್ಮೆ ದಾಟತೊಡಗಿದಳು. ಅಷ್ಟರಲ್ಲೇ ನಾನು ದೇವರಿಗೆ ಕೈ ಮುಗಿದೆ.

ಪಂದ್ಯದ ದಿನ ಬೆಳಿಗ್ಗೆ ನಾನು ಅಂಗಳಕ್ಕೆ ಬಂದರೆ ಮಾವಿನ ತೋರಣ, ಬಣ್ಣದ ಕಾಗದ, ಸಾವಕಾರರಿಗೆ ಎತ್ತರದ ಕುರ್ಚಿ. ನಡುವೆ ಹಸನಾಗಿ ಸಾರಿಸಿದ ಅಂಕಣ. ಅದರ ಮೇಲೆ ಅಚ್ಚಬಿಳಿಯ ಗೆರೆಗಳು. ಎಲ್ಲ ಗೆರೆಗಳು. ನಡುವಿನ ಎರಡೂ ಸಹಿತ. ಯಲ್ಲವ್ವ ಸುಣ್ಣದ ಮಡಕೆ ಹಿಡಿದುಕೊಂಡು ಹೊಗಳಿಕೆಗೆ ಕಾಯುತ್ತ ನಿಂತಿದ್ದಳು.

“ಯಲ್ಲವ್ವಾ! ಏನ ಮಾಡಿಬಿಟ್ಟಿ? ಆ ಗೆರಿ ಹಾಕಬ್ಯಾಡ ಅಂತ ಹೇಳಿದ್ದಿಲ್ಲ?”

“ದಿನಾ ಬ್ಯಾಡ ಅಂದಿದ್ರಿ, ಹಾಕಿಲ್ಲ. ಇವತ್ತ ಹಬ್ಬ ಅಲ್ರಿ? ನಡುವ ಬರೀ ಅಂಗಳ ಬಿಟ್ರ ಸತ್ತ ಮನಿ ಅಂಗಳದ ಗತೆ ಕಾಣತೈತಿ. ಪರಊರಿನ ಹೆಣ್ಮಕ್ಕಳು ಬರ್ತಾರ. ಸೂತಕದ ಅಂಗಳಕ್ಕ ಅವರನ್ನ ಇಳಸೂದೇನ್ರಿ?”

ಅವಳ ಮಾತಿನಲ್ಲಿ ತಪ್ಪೇನಿತ್ತು? ನಮ್ಮ ಕಡೆ ಸಾರಿಸಿದ ಅಂಗಳದಲ್ಲಿ ರಂಗೋಲಿ ಇಲ್ಲವೆಂದರೆ ಒಳಗೆ ಸಾವಾಗಿದೆ ಎಂದೇ ಅರ್ಥ. ನಮ್ಮಮ್ಮ ನೋಡಿದ್ದರೂ ಅದನ್ನೇ ಅನ್ನುತ್ತಿದ್ದಳು. ಅಷ್ಟರಲ್ಲಿ ಹುಡುಗಿಯರು ಬಂದರು. ನೀಲವ್ವ ಗೆರೆಗಳನ್ನು ನೋಡಿ ಅಂಚಿನಲ್ಲೇ ನಿಂತುಬಿಟ್ಟಳು. ಅವಳ ಮುಖ ಬಿಳಿಚಿಕೊಂಡಿತು.

ಶಾಂತಾ ಒಂದು ಕುರ್ಪಿ ತಂದು ಗೆರೆ ಕೆರೆಯಲು ಕುಳಿತಳು. ಗೋಂದು ಹಾಕಿದ ಸುಣ್ಣ ಬಿಡಲಿಲ್ಲ, ಅದರೊಂದಿಗೆ ಸಾರಿಸಿದ ಹಕ್ಕಳೆಯೇ ಎದ್ದು ಗರಸು ಹೊರಬಿತ್ತು. ಗೆರೆಗಳ ಮೇಲಷ್ಟೇ ಸೆಗಣಿ ಬಳಿದು ನೋಡಿದೆವು. ಬಿಳಿ ಹೋಗಿ ಹಸಿರು ಪಟ್ಟಿಯಾಯಿತು, ಮೊದಲಿಗಿಂತ ಹೆಚ್ಚು ಎದ್ದು ಕಂಡಿತು. ಉಳಿದದ್ದು ಒಂದೇ ದಾರಿ. ಇಡೀ ಅಂಕಣ ಮತ್ತೆ ಸಾರಿಸಬೇಕು, ಸಂಜೆಯೊಳಗೆ ಅದು ಆರಬೇಕು.

ಆಕಾಶ ನೋಡಿದೆ. ಮೂಡಗಾಳಿಯೊಂದಿಗೆ ಮೋಡ ಕಟ್ಟತೊಡಗಿತ್ತು.

“ಬುಟ್ಟಿ ತಗೋರಿ,” ಅಂದೆ. ಹುಡುಗಿಯರು ಬೆಟಗೇರಿಯ ಓಣಿಗಳಿಗೆ ಓಡಿದರು. ದನ ಇದ್ದ ಮನೆಯ ಬಾಗಿಲಿಗೆಲ್ಲ ನಿಂತು, “ಯವ್ವಾ, ಸಗಣಿ ಕೊಡ್ರಿ, ಆಟಕ್ಕ ಬೇಕು,” ಎಂದು ಕೇಳಿದರು. ಆಟಕ್ಕೆ ಸೆಗಣಿ ಯಾಕೆಂದು ತಿಳಿಯದೆ ಕೆಲವು ಹೆಂಗಸರು ಬುಟ್ಟಿಯೊಂದಿಗೆ ತಾವೂ ಬಂದರು. ಬಂದವರು ನೋಡುತ್ತ ನಿಲ್ಲಲಿಲ್ಲ, ಸೆರಗು ಸಿಗಿಸಿ ಕುಳಿತೇಬಿಟ್ಟರು. ಯಲ್ಲವ್ವ ಮುಂದೆ, ಹಿಂದೆ ಸಾಲಾಗಿ ನಾವು. ನಾನೂ ಮೊಣಕೈವರೆಗೆ ಸೆಗಣಿ ಮಾಡಿಕೊಂಡು ಹಿಂದೆ ಹಿಂದೆ ಸರಿಯುತ್ತ ಸಾರಿಸಿದೆ. ತೆಳ್ಳಗೆ, ಇನ್ನೂ ತೆಳ್ಳಗೆ ಎಂದು ಒಬ್ಬರಿಗೊಬ್ಬರು ಹೇಳಿಕೊಂಡೆವು. ದಪ್ಪವಾದರೆ ಆರುವುದಿಲ್ಲ, ಆರದಿದ್ದರೆ ಜಾರುತ್ತದೆ, ಜಾರಿದರೆ ಆಟವೂ ಇಲ್ಲ, ನಾನೂ ಇಲ್ಲ.

ಸಾವಕಾರರು ಬಂದದ್ದು ಆಗಲೇ. ಕಾಲೇಜಿನ ತಂಡವೆಲ್ಲ ಮಂಡಿಯೂರಿ ಸಾರಿಸುವುದನ್ನು ತುಸು ಹೊತ್ತು ನೋಡಿದರು.

“ಇದು ಚಲೋ ಬರತೈತಿ ನಿಮ್ಮ ಹುಡುಗ್ಯಾರಿಗೆ,” ಅಂದರು.

ನಾನು ಮೇಲೆ ನೋಡಲಿಲ್ಲ. ನೋಡಿದ್ದರೆ ಕೈಯಲ್ಲಿದ್ದದ್ದನ್ನು ಏನು ಮಾಡುತ್ತಿದ್ದೆನೋ ದೇವರೇ ಬಲ್ಲ.

ಮಧ್ಯಾಹ್ನದ ರೈಲಿಗೆ ಬೆಂಗಳೂರು ಕಡೆಯ ತಂಡದವರು ಬಂದರು. ಬಿಳಿ ಪಾಯಿಜಾಮ, ಮೇಲೆ ಜಂಪರು, ಕಾಲಿಗೆ ಕ್ಯಾನ್ವಾಸ್ ಬೂಟು. ಅವರ ತಂಡದ ನಾಯಕಿ ಅಂಗಳ ನೋಡಿ, “ಇದೇನು, ಒದ್ದೆ ಇದೆಯಲ್ಲ ಮೇಡಂ?” ಎಂದು ಕೇಳಿದಳು. “ಆರತೈತಿ,” ಅಂದೆ. ನನಗೇ ನಂಬಿಕೆ ಇರಲಿಲ್ಲ. ಒಂದು ಅಂಚು ಆರಿದರೆ ಇನ್ನೊಂದು ಹಸಿ. ಬೆರಳಿಟ್ಟು ನೋಡುವುದು, ಆಕಾಶ ನೋಡುವುದು, ಮತ್ತೆ ಬೆರಳಿಡುವುದು. ಒಮ್ಮೆ ನಾಲ್ಕು ಹನಿ ಬಿದ್ದೇಬಿಟ್ಟವು. ಓಣಿಯ ಹೆಂಗಸರು ಜಮಖಾನ, ಗೋಣಿತಾಟು ಹಿಡಿದು ಅಂಗಳದ ಮೇಲೆ ಚಾಚಲು ಎದ್ದರು. ಗಾಳಿ ಮೋಡವನ್ನು ಪಡುವಲಿಗೆ ತಳ್ಳಿತು. ಬಿಸಿಲು ಬಿತ್ತು. ಆ ಬಿಸಿಲಿನಷ್ಟು ಚೆಂದದ ಬಿಸಿಲನ್ನು ನಾನು ಮತ್ತೆ ನೋಡಿಲ್ಲ. ದೇಸಾಯಿ ಮಾಸ್ತರರು ಹೊರಗೆರೆಗಳನ್ನೂ ಬುಟ್ಟಿಯ ಮುಂದಿನ ಗುರುತುಗಳನ್ನೂ ನಿಂತು ಹಾಕಿಸಿದರು. ನಡುವೆ ಏನೂ ಬರೆಸಲಿಲ್ಲ. ಯಲ್ಲವ್ವನ ಮುಖ ನೋಡಲಾರದೆ, “ಹೊರಗ ಎಷ್ಟ ಬೇಕಾದ್ರೂ ಹಾಕು,” ಅಂದೆ. ಅವಳು ಅಂಕಣದ ನಾಲ್ಕೂ ಕಡೆ ಆಳುದ್ದದ ರಂಗೋಲಿ ತುಂಬಿಸಿದಳು. ಸೂತಕ ಕಳೆಯಿತು.

ಊರಿಗೆ ಊರೇ ಬಂದಿತ್ತು. ಗೋಡೆಯ ಮೇಲೆ ಮಂದಿ, ಮರದ ಮೇಲೆ ಮಂದಿ. ಸೀಟಿ ಮೊಳಗಿತು. ಬಂದವರು ಚೆನ್ನಾಗಿ ಆಡುತ್ತಿದ್ದರು, ಅದರಲ್ಲಿ ಮಾತಿಲ್ಲ. ಐದೂ ಮಂದಿ ಒಂದೇ ಗಾಳಿಯಂತೆ ಈ ತುದಿಯಿಂದ ಆ ತುದಿಗೆ ಹೋಗಿ ಬರುತ್ತಿದ್ದರು. ನಮ್ಮವರಿಗೆ ಒಂದು ಅನುಕೂಲವಿತ್ತು. ಸಾರಿಸಿದ ನೆಲದ ಮೇಲೆ ಅವರ ಬೂಟು ತುಸು ಜಾರುತ್ತಿತ್ತು, ನಮ್ಮವರ ಬರಿಗಾಲು ಜಾರುತ್ತಿರಲಿಲ್ಲ. ಶಾಂತಾ ಬುಟ್ಟಿಯ ಹಿಂದೆ ಬುಟ್ಟಿ ಹಾಕಿದಳು. ನೀಲವ್ವ ಚೆಂಡು ಕಸಿದಳು, ನಿಂತಳು. ಕಸಿದಳು, ನಿಂತಳು. ಒಮ್ಮೆ ದಾಟಿದಳು, ಮತ್ತೆ ನಿಂತಳು. ಗೋಡೆಯ ಮೇಲಿನವರು ನಗತೊಡಗಿದರು. “ಅಕಿ ಯಾಕ ನಿಲ್ತಾಳಲೇ? ಮುಳ್ಳ ಚುಚ್ಚೇತೇನ?” ಎಂದು ಯಾವನೋ ಕೂಗಿದ. ಸಾವಕಾರರು ಕುರ್ಚಿಯಲ್ಲಿ ನೆಟ್ಟಗೆ ಕುಳಿತಿದ್ದರು. ನಗುತ್ತಿರಲಿಲ್ಲ. ಅವರು ನಕ್ಕಿದ್ದರೇ ನನಗೆ ಹಗುರಾಗುತ್ತಿತ್ತು.

ಮಧ್ಯಂತರದಲ್ಲಿ ನಾವು ಹಿಂದಿದ್ದೆವು, ಬಹಳ ಅಲ್ಲ. ಹುಡುಗಿಯರಿಗೆ ನೀರು ಕೊಟ್ಟೆ. ನೀಲವ್ವನಿಗೆ ಹೇಳುವುದೆಲ್ಲ ಹೇಳಿ ಮುಗಿದಿತ್ತು. ಅವಳ ತಲೆಯ ಮೇಲೆ ಕೈ ಇಟ್ಟೆ, ಅಷ್ಟೇ.

ಎರಡನೆಯ ಅರ್ಧದಲ್ಲಿ ನಮ್ಮವರು ಒಂದೊಂದಾಗಿ ಅಂತರ ಕಡಿಮೆ ಮಾಡಿದರು. ಕೊನೆಗೆ ಒಂದೇ ಬುಟ್ಟಿಯ ಅಂತರ ಉಳಿಯಿತು. ಗೋಡೆಯ ಮೇಲಿನ ನಗೆ ನಿಂತಿತ್ತು. ದೇಸಾಯಿ ಮಾಸ್ತರರು ಗಡಿಯಾರ ನೋಡುತ್ತಿದ್ದರು. ಅವರ ನಾಯಕಿ ನಮ್ಮ ಬುಟ್ಟಿಯ ಕೆಳಗೆ ಚೆಂಡು ಎತ್ತಿದಳು. ಎತ್ತಿದ ಕೈ ಬರಿದಾಗಿತ್ತು. ಚೆಂಡು ನೀಲವ್ವನ ಹತ್ತಿರ ಇತ್ತು.

ಮುಂದೆ ಯಾರೂ ಇರಲಿಲ್ಲ. ಅವರ ಐದೂ ಮಂದಿ ಈ ಕಡೆ ಬಂದುಬಿಟ್ಟಿದ್ದರು. ಇಡೀ ಅಂಗಳ ಅವಳಿಗೆ ತೆರೆದಿತ್ತು. ಚೆಂಡು ಪುಟಿಸುತ್ತ ಓಡಿದಳು, ಎರಡು ದಾಪು, ಮೂರು ದಾಪು, ಗೆರೆ ಇದ್ದ ಜಾಗಕ್ಕೆ ಬಂದಳು.

ನಿಂತಳು.

ಏನೂ ಇಲ್ಲದ ನೆಲವನ್ನು ನೋಡುತ್ತ, ಚೆಂಡನ್ನು ಇದ್ದಲ್ಲೇ ಪುಟಿಸುತ್ತ, ಗಕ್ಕನೆ ನಿಂತಳು. ಊರೆಲ್ಲ ಉಸಿರು ಹಿಡಿದಿತ್ತು. ಆಗ ಅಂಕಣದ ಅಂಚಿನಿಂದ, ರಂಗೋಲಿಯನ್ನೆಲ್ಲ ತುಳಿದುಕೊಂಡು ಮುಂದೆ ಬಂದ ಯಲ್ಲವ್ವ ಕೂಗಿದಳು.

“ಓಡ ನನ್ನವ್ವಾ! ಅಲ್ಲೆ ಗೆರಿ ಇಲ್ಲ, ನಾನ ಒರಸೀನಿ! ಓಡು!”

ನೀಲವ್ವ ತಲೆ ಎತ್ತಿದಳು. ಯಲ್ಲವ್ವ ಹೇಳಿದರೆ ಗೆರೆ ಇಲ್ಲ. ಹಾಕಿದವಳೂ ಅವಳೇ, ಒರೆಸಿದವಳೂ ಅವಳೇ. ಬಲಗಾಲು ಎತ್ತಿ ದಾಟಿದಳು. ಆಮೇಲೆ ಓಡಿದ್ದನ್ನು ನಾನು ಹೇಗೆ ಹೇಳಲಿ! ಕಚ್ಚೆಯ ನೆರಿಗೆ ಹಿಂದೆ ಹಾರುತ್ತಿತ್ತು, ಎರಡನೆಯ ಗೆರೆಯ ಜಾಗ ಬಂದದ್ದೂ ಅವಳಿಗೆ ತಿಳಿಯಲಿಲ್ಲ. ಅವರ ನಾಯಕಿ ಬೆನ್ನಟ್ಟಿದಳು, ಸಿಕ್ಕಲಿಲ್ಲ. ನೀಲವ್ವ ಬುಟ್ಟಿಯ ಕೆಳಗೆ ತಲುಪಿದಳು. ಒಬ್ಬಳೇ. ತಲೆ ಎತ್ತಿ ಬುಟ್ಟಿ ನೋಡಿದಳು.

ಆಗ ನನಗೆ ಹೊಳೆಯಿತು. ಹಿಂದೆ ಕಾಯುವವಳು ಬುಟ್ಟಿಗೆ ಹಾಕುವ ಹಾಗೇ ಇರಲಿಲ್ಲ. ಅವಳಿಗೆ ಓಡುವುದನ್ನು ಕಲಿಸುವುದರಲ್ಲಿ ದಿನಗಳೆಲ್ಲ ಕಳೆದಿದ್ದವು. ಹಾಕುವುದು ಯಾರಿಗೂ ನೆನಪಾಗಿರಲಿಲ್ಲ.

ಅವಳು ಎರಡೂ ಕೈಯಿಂದ ಕೆಳಗಿನಿಂದ ಮೇಲಕ್ಕೆ, ಬಾವಿಯಿಂದ ಕೊಡ ಎತ್ತಿದ ಹಾಗೆ, ಚೆಂಡು ಎಸೆದಳು. ಚೆಂಡು ಬುಟ್ಟಿಯ ಬಳೆಯ ಅಂಚಿಗೆ ಬಡಿಯಿತು, ಮೇಲೆ ಹಾರಿತು, ಒಂದು ಗಳಿಗೆ ಅಂಚಿನ ಮೇಲೆ ಕುಳಿತ ಹಾಗೆ ಕಂಡಿತು, ಹೊರಗೆ ಬಿತ್ತು. ಸೀಟಿ ಮೊಳಗಿತು. ಸೋತೆವು.

ನೀಲವ್ವ ಬುಟ್ಟಿಯ ಕಂಬ ಹಿಡಿದು ಕುಳಿತಳು. ಊರಿನವರು ಚಪ್ಪಾಳೆ ತಟ್ಟಿದರೋ, ಕೂಗಿದರೋ, ನನಗೆ ಕೇಳಿಸಲಿಲ್ಲ. ನಾನು ಸಾವಕಾರರನ್ನು ನೋಡುತ್ತಿದ್ದೆ. ಅವರು ಕುರ್ಚಿಯಿಂದ ಎದ್ದರು. ಬಂದ ತಂಡಕ್ಕೆ ಹಾಕಬೇಕಾದ ಹಾರಗಳು ತಟ್ಟೆಯಲ್ಲೇ ಇದ್ದವು. ಅದನ್ನು ಬಿಟ್ಟು ಅಂಕಣದ ಅಂಚಿಗೆ ಬಂದು, ಕಾಲಿನ ಜೋಡು ಕಳಚಿಟ್ಟು, ಅಂಗಳ ದಾಟಿ ನೇರ ನನ್ನ ಹತ್ತಿರ ಬಂದರು.

“ಬಾಯಾರ.”

“ಹೇಳ್ರಿ.”

“ಆ ಹುಡುಗಿಗೆ ಬುಟ್ಟಿಗೆ ಹಾಕಾಕ ಬರೂದಿಲ್ಲೇನು?”

“ಇಲ್ರಿ.”

“ಯಾಕ?”

“ಅಕಿಗೆ ನಾವು ಕಲಿಸೇ ಇಲ್ರಿ.”

ಅವರು ಕಂಬದ ಕೆಳಗೆ ಕುಳಿತ ನೀಲವ್ವನ ಕಡೆ ನೋಡಿದರು. ಟೊಪ್ಪಿಗೆ ತೆಗೆದು ಹಣೆಯ ಬೆವರು ಒರೆಸಿಕೊಂಡರು. ಆಡಿದವರಿಗಿಂತ ಅವರೇ ಹೆಚ್ಚು ಬೆವೆತಿದ್ದರು.

“ಕಲಸ್ರಿ ಮತ್ತ,” ಅಂದರು. “ಬರೋ ವರ್ಷ ನಾವು ಅವರ ಊರಿಗೆ ಹೋಗೂದೈತಿ.”

ಹಾರ ಹಾಕಲು ಹೊರಟೇಹೋದರು. ಅದು ನನ್ನ ಪಾಲಿನ ತೀರ್ಪು ಎಂದು ತಿಳಿಯಲು ನನಗೆ ತುಸು ಹೊತ್ತು ಹಿಡಿಯಿತು. ತಿಳಿದ ಮೇಲೆ ಅಲ್ಲಿಯೇ, ಅಷ್ಟು ಜನರ ಮುಂದೆ, ಯಲ್ಲವ್ವನ ಹೆಗಲ ಮೇಲೆ ತಲೆಯಿಟ್ಟು ಅತ್ತೆ. “ಸೋತದ್ದಕ್ಕ ಅಳ್ತಾರೇನ್ರಿ ಬಾಯಾರ,” ಎಂದು ಅವಳು ಬೆನ್ನು ಸವರಿದಳು.

ಮರುದಿನ ಕಾಲೇಜಿಗೆ ರಜೆ ಕೊಟ್ಟಿದ್ದರು. ನಾನು ಎಂದಿನಂತೆ ಬೆಳಿಗ್ಗೆ ಅಂಗಳಕ್ಕೆ ಹೋದೆ. ನೀಲವ್ವ ಬುಟ್ಟಿಯ ಕೆಳಗೆ ಚೆಂಡು ಹಿಡಿದು ನಿಂತಿದ್ದಳು. ಯಾವಾಗ ಬಂದಿದ್ದಳೋ, ಮುಖವೆಲ್ಲ ಬೆವರು. ನಾನು ಹೋಗಿ ಅವಳ ಹಿಂದೆ ನಿಂತೆ.

“ಕೈ ಎತ್ತವಾ,” ಅಂದೆ.